ಊಟದ ಲೆಕ್ಕವೂ ದೇಹದ ತೂಕವೂ

ಬೆಳಗಾವಿ ನಗರದ ಪೂರ್ವಕ್ಕೆ, ಬೈಲಹೊಂಗಲ ಸವದತ್ತಿಗಳ ಕಡೆಗೆ, ಎರೆಮಣ್ಣಿನ ಜೋಳದ ಸೀಮೆ. ದಕ್ಷಿಣಕ್ಕೆ ಸುಮಾರು ೨೬ ಕಿಲೋಮೀಟರು ದೂರದ ಖಾನಾಪುರದ ಕಡೆಗೆ ಸಹ್ಯಾದ್ರಿಯ ಮಳೆಯ ನಾಡು, ಭತ್ತದ ಗದ್ದೆಗಳು. ರೊಟ್ಟಿಯ ನಾಡೂ ಅನ್ನದ ನಾಡೂ ಒಂದಕ್ಕೊಂದು ತಾಗುವ ಈ ನಗರಕ್ಕೆ ಓದಲು ಬಂದು ವಸತಿಗೃಹಗಳಲ್ಲಿ ಉಳಿದಿರುವ ತರುಣ ತರುಣಿಯರ ಕೈಯಲ್ಲಿ ಈಗ ಹೊಸದೊಂದು ಸಾಧನವಿದೆ. ಉಂಡದ್ದನ್ನೆಲ್ಲ ಫೋನಿನಲ್ಲಿ ಬರೆದರೆ ಅದರ ಕ್ಯಾಲರಿಗಳನ್ನು ಕೂಡಿಸಿ ಹೇಳುವ ಆ್ಯಪು ಅದು. ‘ಜೋಳದ ರೊಟ್ಟಿ ಎರಡು, ಕಾಳಿನ ಪಲ್ಯ ಒಂದು ಬಟ್ಟಲು, ಅನ್ನ ಒಂದು ಬಟ್ಟಲು’ ಎಂದು ಬರೆದ ಕ್ಷಣದಲ್ಲಿಯೇ ಅಂಕಿಯೊಂದು ಮೂಡುತ್ತದೆ.

ಇಷ್ಟರಿಂದ ತೂಕ ಇಳಿಯುವುದೆ? ಈ ಪ್ರಶ್ನೆ ಕುತೂಹಲದ್ದು ಮಾತ್ರವಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ ೨೪ ಮಂದಿಗೆ ತೂಕ ಅತಿಯಾಗಿದೆ. ನೂರಕ್ಕೆ ಸುಮಾರು ೧೯ ಮಂದಿಗೆ ಇರಬೇಕಾದುದಕ್ಕಿಂತ ಕಡಮೆಯಿದೆ. ಅತಿಯೂ ಕೊರತೆಯೂ ಒಂದೇ ಬೀದಿಯಲ್ಲಿರುವ ದೇಶದಲ್ಲಿ, ಎಲ್ಲರಿಗೂ ಕಡಮೆ ತಿನ್ನಿರೆಂದು ಹೇಳುವ ಸಾಧನವನ್ನು ಪರೀಕ್ಷಿಸಿಯೇ ಕೈಗೆತ್ತಿಕೊಳ್ಳುವುದು ಲೇಸು. ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಅಂಕಿಯ ಹುಟ್ಟು

ಒಂದು ಕಿಲೋಗ್ರಾಮು ನೀರನ್ನು ಒಂದು ಡಿಗ್ರಿ ಸೆಲ್ಸಿಯಸಿನಷ್ಟು ಬಿಸಿಮಾಡಲು ಬೇಕಾಗುವ ಉಷ್ಣವೇ ಆಹಾರಶಾಸ್ತ್ರದ ಕ್ಯಾಲರಿ. ಭೌತವಿಜ್ಞಾನಿಗಳು ಇದನ್ನು ಕಿಲೋಕ್ಯಾಲರಿ ಎನ್ನುತ್ತಾರೆ. ಉಣ್ಣುವ ಅನ್ನಕ್ಕೂ ಉಷ್ಣಕ್ಕೂ ಏನು ಸಂಬಂಧ? ಸುಮಾರು ೧೭೮೩ರಲ್ಲಿ ಪ್ಯಾರಿಸಿನಲ್ಲಿ ಲಾವಾಸ್ಯೇ ಮತ್ತು ಲಾಪ್ಲಾಸರು ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿ ಇರಿಸಿ, ಅದರ ಮೈಯ ಬಿಸಿಗೆ ಎಷ್ಟು ಮಂಜು ಕರಗಿತೆಂದು ಅಳೆದರು. ಇದ್ದಿಲು ಉರಿದಾಗ ಹೊರಡುವ ಉಷ್ಣದೊಡನೆ ಅದನ್ನು ಹೋಲಿಸಿ, ಉಸಿರಾಟವೆಂಬುದು ಮೆಲ್ಲಗೆ ನಡೆಯುವ ದಹನವೇ ಎಂಬ ತೀರ್ಮಾನಕ್ಕೆ ಬಂದರು.

ನೂರು ವರ್ಷಗಳ ಬಳಿಕ ಅಮೆರಿಕದ ವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಒಬ್ಬ ಮನುಷ್ಯನೇ ದಿನಗಟ್ಟಲೆ ವಾಸಿಸಬಹುದಾದ ಉಷ್ಣಮಾಪಕ ಕೊಠಡಿಯನ್ನು ಕಟ್ಟಿಸಿದನು. ಒಳಗಿದ್ದವನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ಅವನ ಮೈಯಿಂದ ಹೊರಟ ಉಷ್ಣವನ್ನೂ ಅಳೆದನು. ಒಂದು ಗ್ರಾಮು ಪಿಷ್ಟ ಅಥವಾ ಸಕ್ಕರೆಗೆ ೪ ಕ್ಯಾಲರಿ, ಪ್ರೋಟೀನಿಗೆ ೪, ಕೊಬ್ಬಿಗೆ ೯ ಎಂದು ಅವನ ಸಂಶೋಧನೆಯಿಂದ ದೊರೆತ ಸರಾಸರಿ ಗುಣಕಗಳೇ ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಮೇಲೂ ಫೋನಿನ ಆ್ಯಪಿನೊಳಗೂ ಕೆಲಸ ಮಾಡುತ್ತಿವೆ.

ನಮ್ಮ ದೇಶದ ಆಹಾರಗಳ ಲೆಕ್ಕ ಆರಂಭವಾದದ್ದು ನೀಲಗಿರಿಯ ಕೂನೂರಿನಲ್ಲಿ. ಬೆರಿಬೆರಿ ರೋಗದ ವಿಚಾರಣೆಗಾಗಿ ೧೯೧೮ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅಲ್ಲೊಂದು ಚಿಕ್ಕ ಪ್ರಯೋಗಶಾಲೆಯನ್ನು ತೆರೆದನು. ಅವನ ತರುವಾಯ ಬಂದ ಅಯ್ಕ್ರಾಯ್ಡ್ ೧೯೩೭ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದನು. ೧೯೫೮ರಲ್ಲಿ ಹೈದರಾಬಾದಿಗೆ ಹೋದ ಆ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ; ೨೦೧೭ರಲ್ಲಿ ಅದು ೫೨೮ ಆಹಾರಗಳ ಹೊಸ ಪಟ್ಟಿಯನ್ನು ಹೊರತಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಲೆಕ್ಕವೆಲ್ಲ ಹುಟ್ಟಿದ್ದು ಕೊರತೆಯ ಚಿಂತೆಯಿಂದ. ಬಡವನಿಗೆ ಸಾಲುವಷ್ಟು ಅನ್ನ ಎಷ್ಟು ಎಂಬುದೇ ಅದರ ಮೂಲಪ್ರಶ್ನೆ.

ಬೆಂಗಳೂರಿನ ಒಂದು ಘಟನೆಯೂ ಇದನ್ನೇ ನೆನಪಿಗೆ ತರುತ್ತದೆ. ತುಷಾರ್ ವಶಿಷ್ಠ ಮತ್ತು ಮ್ಯಾಥ್ಯೂ ಚೆರಿಯನ್ ಎಂಬ ಇಬ್ಬರು ತರುಣರು ೨೦೧೧ರಲ್ಲಿ ಅಲ್ಲಿ ದಿನಕ್ಕೆ ೧೦೦ ರೂಪಾಯಿಗಳಲ್ಲಿ ಬಾಳಿ ನೋಡಿದರು. ಬಳಿಕ ಕೇರಳದ ಹಳ್ಳಿಯೊಂದರಲ್ಲಿ, ಯೋಜನಾ ಆಯೋಗವು ಆಗ ನಗರಗಳಿಗೆ ಬಡತನದ ಗೆರೆಯೆಂದು ಹೇಳಿದ್ದ ೩೨ ರೂಪಾಯಿಗಳಲ್ಲಿ ದಿನ ಕಳೆದರು. ಹಸಿವೆಂದರೇನೆಂಬುದು ಅವರಿಗೆ ತಿಳಿದುಬಂತು. ೨೦೧೨ರಲ್ಲಿ ಬೆಂಗಳೂರಿನಲ್ಲಿ ಹೆಲ್ತಿಫೈಮಿ ಎಂಬ ಆಹಾರದ ಲೆಕ್ಕದ ಆ್ಯಪು ಆರಂಭವಾದಾಗ ಅದರ ಸ್ಥಾಪಕರಲ್ಲಿ ಇವರಿಬ್ಬರೂ ಇದ್ದರು. ಕೊರತೆಯನ್ನು ಅಳೆಯಲು ಹುಟ್ಟಿದ ಅಳತೆಗೋಲು ಹೀಗೆ ಅತಿಯನ್ನು ಅಳೆಯುವ ಕೆಲಸಕ್ಕೆ ಬಂದಿತು.

ರೊಟ್ಟಿಯ ಗಾತ್ರ ಯಾವುದು?

ಈಗ ಆ ಅಂಕಿಯನ್ನು ತಟ್ಟೆಯ ಪಕ್ಕದಲ್ಲಿಟ್ಟು ನೋಡೋಣ. ನೂರು ಗ್ರಾಮು ಜೋಳದ ಹಿಟ್ಟಿನಲ್ಲಿ ಸುಮಾರು ೩೩೫ ಕ್ಯಾಲರಿಗಳಿವೆ. ಒಂದು ಮನೆಯಲ್ಲಿ ೫೦ ಗ್ರಾಮು ಹಿಟ್ಟಿನಿಂದ ತೆಳುವಾದ ರೊಟ್ಟಿ ಬಡಿಯುತ್ತಾರೆ. ಅದರಲ್ಲಿ ಸುಮಾರು ೧೭೦ ಕ್ಯಾಲರಿ. ಇನ್ನೊಂದು ಮನೆಯ ದಪ್ಪ ರೊಟ್ಟಿಗೆ ೮೦ ಗ್ರಾಮು ಹಿಟ್ಟು ಬೇಕು. ಅದರಲ್ಲಿ ಸುಮಾರು ೨೭೦. ಆ್ಯಪಿನಲ್ಲಿ ಎರಡೂ ‘ರೊಟ್ಟಿ ಒಂದು’ ಎಂದೇ ದಾಖಲಾಗುತ್ತವೆ. ಮೂರು ರೊಟ್ಟಿ ಉಂಡವನ ಲೆಕ್ಕದಲ್ಲಿ ೩೦೦ ಕ್ಯಾಲರಿಗಳ ತಪ್ಪು ನುಸುಳಿತು. ಅರವತ್ತು ಕಿಲೋ ತೂಕದ ಮನುಷ್ಯನು ಒಂದು ತಾಸು ನಡೆದಾಗ ವೆಚ್ಚವಾಗುವುದು ೨೦೦ರ ಆಸುಪಾಸು. ಎಂದರೆ ನಡಿಗೆಯ ಫಲಕ್ಕಿಂತ ಲೆಕ್ಕದ ತಪ್ಪೇ ದೊಡ್ಡದು. ಪಲ್ಯದ ಒಗ್ಗರಣೆಗೆ ಬಿದ್ದ ಪ್ರತಿಯೊಂದು ಚಮಚ ಎಣ್ಣೆಗೂ ೪೫ ಕ್ಯಾಲರಿಗಳಿವೆ. ಊಟಗೃಹದಲ್ಲಿ ಉಣ್ಣುವವನು ಆ ಚಮಚಗಳನ್ನು ಎಣಿಸುವುದೆಂತು?

ಬೆಳಗಾವಿಯ ಕುಂದಾ ಇನ್ನೂ ತೊಡಕಿನದು. ಹಾಲನ್ನು ಸಕ್ಕರೆಯೊಡನೆ ಕಂದುಬಣ್ಣ ಬರುವವರೆಗೆ ಬತ್ತಿಸಿದ ಈ ಸಿಹಿಯಲ್ಲಿ ನೀರಿನ ಅಂಶ ಎಷ್ಟು ಉಳಿದಿದೆ, ಸಕ್ಕರೆ ಎಷ್ಟು ಬಿದ್ದಿದೆ ಎಂಬುದರ ಮೇಲೆ ಗ್ರಾಮಿನ ಬೆಲೆ ನಿಲ್ಲುತ್ತದೆ; ಒಂದೇ ಗಾತ್ರದ ಎರಡು ಉಂಡೆಗಳು ಲೆಕ್ಕದಲ್ಲಿ ಸಮನಾಗಿರಬೇಕೆಂದಿಲ್ಲ. ಅಟ್‌ವಾಟರನ ಗುಣಕಗಳೂ ಎಲ್ಲೆಡೆ ಕರಾರುವಾಕ್ಕಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ೨೦೧೨ರಲ್ಲಿ ಬಾದಾಮಿಯನ್ನು ಜನರಿಗೆ ತಿನ್ನಿಸಿ ಅಳೆದಾಗ, ೨೮ ಗ್ರಾಮಿನಿಂದ ದೇಹಕ್ಕೆ ದಕ್ಕಿದ್ದು ೧೨೯ ಕ್ಯಾಲರಿ ಮಾತ್ರ. ಹಳೆಯ ಲೆಕ್ಕ ಹೇಳುತ್ತಿದ್ದುದು ೧೭೦. ಗಟ್ಟಿ ಕೋಶಗಳೊಳಗಿನ ಕೊಬ್ಬಿನ ಒಂದು ಭಾಗ ಜೀರ್ಣವಾಗದೆ ಹೊರಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಬರೆಯುವವನ ಕೈಯಲ್ಲಿದೆ. ‘ದಿನಕ್ಕೆ ೧೨೦೦ ಕ್ಯಾಲರಿಗಿಂತ ಕಡಮೆ ಉಣ್ಣುತ್ತೇವೆ, ಆದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು ನ್ಯೂಯಾರ್ಕಿನ ವೈದ್ಯರು ಪರೀಕ್ಷಿಸಿ, ೧೯೯೨ರಲ್ಲಿ ವರದಿ ಪ್ರಕಟಿಸಿದರು. ಜಲಜನಕ ಹಾಗೂ ಆಮ್ಲಜನಕಗಳ ಭಾರವಾದ ಐಸೋಟೋಪುಗಳುಳ್ಳ ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗವನ್ನು ನೋಡಿದರೆ, ಆ ದಿನಗಳಲ್ಲಿ ದೇಹ ವೆಚ್ಚಮಾಡಿದ ಶಕ್ತಿಯೆಷ್ಟೆಂದು ತಿಳಿಯುತ್ತದೆ. ಪರೀಕ್ಷೆಗೆ ಒಳಗಾದವರ ದೇಹಕ್ರಿಯೆಯಲ್ಲಿ ದೋಷವಿರಲಿಲ್ಲ. ತಿಂದದ್ದನ್ನು ಸುಮಾರು ಅರ್ಧದಷ್ಟು ಕಡಮೆ ಬರೆದಿದ್ದರು, ವ್ಯಾಯಾಮವನ್ನು ಅರ್ಧದಷ್ಟು ಹೆಚ್ಚಿಸಿ ಹೇಳಿದ್ದರು. ಇದು ಸುಳ್ಳುಗಾರಿಕೆಯೆಂದು ತಿಳಿಯಬೇಕಾಗಿಲ್ಲ. ತಿಂದದ್ದನ್ನು ಮರೆಯುವುದು ಮನುಷ್ಯಸ್ವಭಾವ.

ಪರೀಕ್ಷೆಗಳು ಹೇಳುವುದೇನು?

ಅಂಕಿ ಹೀಗೆ ತಪ್ಪಿನಿಂದ ಕೂಡಿದ್ದರೂ ಬರೆಯುವುದರಿಂದ ಉಪಯೋಗವಿದ್ದೀತೆ? ಅಮೆರಿಕದಲ್ಲಿ ಸುಮಾರು ೧,೭೦೦ ಮಂದಿಯನ್ನೊಳಗೊಂಡು ನಡೆದು ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಾರದಲ್ಲಿ ಆರೇಳು ದಿನವೂ ಊಟದ ದಿನಚರಿ ಬರೆದವರ ತೂಕವು ಬರೆಯದವರಿಗಿಂತ ಸುಮಾರು ಎರಡರಷ್ಟು ಇಳಿದಿತ್ತು. ಇದನ್ನು ಓದಿದ ವಿದ್ಯಾರ್ಥಿಯು ಒಂದು ಸಂದೇಹವನ್ನು ಎತ್ತಬೇಕು. ನಿಷ್ಠೆಯಿಂದ ಬರೆಯುವವನು ಊಟದಲ್ಲಿಯೂ ನಿಷ್ಠೆಯುಳ್ಳವನೇ ಆಗಿರಬಹುದಲ್ಲವೆ? ಇಳಿತಕ್ಕೆ ಬರವಣಿಗೆ ಕಾರಣವೊ, ನಿಷ್ಠೆ ಕಾರಣವೊ?

ಈ ಸಂದೇಹವನ್ನು ಬಗೆಹರಿಸಲು ಚೀಟಿಯೆತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ಹೋಲಿಸುವ ವಿಧಾನವಿದೆ. ಕ್ಯಾಲಿಫೋರ್ನಿಯದ ವೈದ್ಯರು ತೂಕ ಹೆಚ್ಚಿದ್ದ ೨೧೨ ಮಂದಿಯಲ್ಲಿ ಒಂದು ಗುಂಪಿಗೆ ಮೈಫಿಟ್‌ನೆಸ್‌ಪಾಲ್ ಎಂಬ ಆ್ಯಪನ್ನು ಕೊಟ್ಟು, ಇನ್ನೊಂದಕ್ಕೆ ಎಂದಿನ ಚಿಕಿತ್ಸೆಯನ್ನಷ್ಟೇ ಮುಂದುವರಿಸಿದರು. ಆರು ತಿಂಗಳ ಬಳಿಕ ಎರಡು ಗುಂಪುಗಳ ತೂಕದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ೨೦೧೪ರಲ್ಲಿ ಪ್ರಕಟವಾದ ಈ ವರದಿಯಲ್ಲಿಯೇ ಕಾರಣದ ಸುಳಿವೂ ಇದೆ: ಮೊದಲ ತಿಂಗಳು ಕಳೆಯುತ್ತಲೇ ಬಹುಮಂದಿ ಆ್ಯಪನ್ನು ತೆರೆಯುವುದನ್ನು ಬಹಳ ಮಟ್ಟಿಗೆ ಬಿಟ್ಟಿದ್ದರು.

ಆ ಬಳಿಕ ಬಂದ ಎರಡು ಅಧ್ಯಯನಗಳು ವಿಷಯವನ್ನು ಇನ್ನಷ್ಟು ತಿಳಿಯಾಗಿಸಿದವು. ೨೦೧೬ರಲ್ಲಿ ಪಿಟ್ಸ್‌ಬರ್ಗಿನ ಸಂಶೋಧಕರು ೪೭೦ ತರುಣರ ಎರಡು ವರ್ಷಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಚಲನೆಯನ್ನು ಅಳೆಯುವ ಯಂತ್ರವನ್ನು ಮೈಗೆ ಧರಿಸಿದವರು ಸರಾಸರಿ ೩.೫ ಕಿಲೋ ಇಳಿದಿದ್ದರು; ಯಂತ್ರವಿಲ್ಲದೆ ಸಲಹೆಯನ್ನಷ್ಟೇ ಪಡೆದವರು ೫.೯ ಕಿಲೋ. ಯಂತ್ರವು ಎಣಿಸುತ್ತಿದೆಯೆಂದ ಮಾತ್ರಕ್ಕೆ ಮನುಷ್ಯನು ಬದಲಾಗುವುದಿಲ್ಲ. ೨೦೧೯ರಲ್ಲಿ ವರ್ಮಾಂಟಿನ ಸಂಶೋಧಕರು, ತಜ್ಞರ ಮಾರ್ಗದರ್ಶನದಲ್ಲಿ ಆರು ತಿಂಗಳು ಊಟದ ಲೆಕ್ಕವಿಟ್ಟ ೧೪೨ ಮಂದಿಯನ್ನು ಗಮನಿಸಿ ವರದಿಮಾಡಿದರು. ಮೊದಲ ತಿಂಗಳಲ್ಲಿ ದಿನಕ್ಕೆ ೨೩ ನಿಮಿಷ ಹಿಡಿಯುತ್ತಿದ್ದ ಈ ಕೆಲಸ ಆರನೆಯ ತಿಂಗಳಿಗೆ ೧೫ ನಿಮಿಷಕ್ಕೆ ಇಳಿದಿತ್ತು. ಎಷ್ಟು ಹೊತ್ತು ಬರೆದರೆಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ಬರೆದರೆಂಬುದೇ ತೂಕದ ಇಳಿತದೊಡನೆ ಹೊಂದಿಕೊಂಡಿತ್ತು.

ಇವೆಲ್ಲದರ ಸಾರವಿಷ್ಟು. ಆ್ಯಪು ತಾನಾಗಿ ತೂಕ ಇಳಿಸದು. ಉಣ್ಣುವ ಹೊತ್ತಿನಲ್ಲಿ ಉಣ್ಣುವುದರ ಕಡೆಗೆ ಗಮನವನ್ನು ಎಳೆಯುವುದೇ ಅದರ ಕೆಲಸ. ಆ ಗಮನ ತಿಂಗಳುಗಟ್ಟಲೆ ನಿಂತು, ತಿಳಿದವರ ಸಲಹೆಯೂ ಕೂಡಿದರೆ ಪ್ರಯೋಜನ ಕಾಣುತ್ತದೆ. ಗಮನ ಹೋದರೆ ಆ್ಯಪು ಫೋನಿನಲ್ಲಿದ್ದೂ ಇಲ್ಲದಂತೆ.

ದೇಹವು ಜಮಾಖರ್ಚಿನ ಪುಸ್ತಕವಲ್ಲ

ಒಂದು ಕಿಲೋ ದೇಹತೂಕಕ್ಕೆ ಸುಮಾರು ೭,೭೦೦ ಕ್ಯಾಲರಿ ಎಂಬ ಸೂತ್ರವನ್ನು ಹಲವರು ಕೇಳಿದ್ದಾರೆ. ಅದರಂತೆ ದಿನಕ್ಕೆ ೫೦೦ ಕ್ಯಾಲರಿ ಕಡಮೆ ಉಂಡವನು ವರ್ಷಕ್ಕೆ ಸುಮಾರು ೨೪ ಕಿಲೋ ಇಳಿಯಬೇಕು. ಹಾಗೆ ಆಗುವುದಿಲ್ಲ. ತೂಕ ಇಳಿದಂತೆ ಚಿಕ್ಕದಾದ ದೇಹವು ಕಡಮೆ ವೆಚ್ಚಮಾಡುತ್ತದೆ, ಹಸಿವು ಹೆಚ್ಚುತ್ತದೆ. ಇಳಿತ ನಿಧಾನವಾಗುತ್ತ ಬಂದು ಒಂದೆಡೆ ನಿಲ್ಲುತ್ತದೆ. ಇದನ್ನರಿಯದವನು ತನ್ನ ಸಂಕಲ್ಪವೇ ದುರ್ಬಲವೆಂದು ಹಳಿದುಕೊಂಡು ಎಲ್ಲವನ್ನೂ ಬಿಟ್ಟುಬಿಡುತ್ತಾನೆ.

ಖಾನಾಪುರದ ಗದ್ದೆಯಿಂದ ಬೆಳಗಾವಿಯ ವಸತಿಗೃಹಕ್ಕೆ ಬಂದ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೨೦ರ ಅಂದಾಜಿನಂತೆ ೬೫ ಕಿಲೋ ತೂಕದ ಗಂಡಸಿಗೆ ಕಠಿಣ ದುಡಿಮೆಯಿದ್ದರೆ ದಿನಕ್ಕೆ ೩,೪೭೦ ಕ್ಯಾಲರಿ ಬೇಕು. ಕುಳಿತು ಮಾಡುವ ಕೆಲಸಕ್ಕೆ ೨,೧೧೦ ಸಾಕು. ನಡುವಿನ ೧,೩೬೦ ಎಂದರೆ ಸುಮಾರು ೪೦೦ ಗ್ರಾಮು ಅಕ್ಕಿ! ನಾಟಿಯ ಕೆಲಸ ಬಿಟ್ಟು ಪುಸ್ತಕದ ಮುಂದೆ ಕುಳಿತವನ ತಟ್ಟೆಯಲ್ಲಿ ಹಳೆಯ ಅನ್ನದ ರಾಶಿಯೇ ಉಳಿದರೆ ತೂಕ ಏರುವುದು ಸಹಜ. ಮೇಲೆ ಸಂಜೆಯ ಕರಿದ ತಿಂಡಿ, ಸಕ್ಕರೆಯ ಪಾನೀಯಗಳು ಬೇರೆ. ಇಂಥವನಿಗೆ ಕೆಲವು ದಿನಗಳ ಲೆಕ್ಕವು ಕಣ್ಣು ತೆರೆಸಬಲ್ಲದು.

ಯಾರಿಗೆ ಬೇಡ?

ಬೆಳೆಯುವ ವಯಸ್ಸಿನವರಿಗೆ ಈ ಲೆಕ್ಕ ತಕ್ಕುದಲ್ಲ. ಹೈಸ್ಕೂಲಿನ ವರ್ಷಗಳಲ್ಲಿ ಎತ್ತರವೂ ಮೂಳೆಯೂ ರಕ್ತವೂ ವೃದ್ಧಿಯಾಗುತ್ತಿರುತ್ತವೆ. ಆಗ ಊಟವನ್ನು ಕಡಿದರೆ ಆಗುವ ನಷ್ಟವನ್ನು ಮುಂದೆ ತುಂಬುವುದು ಕಷ್ಟ. ಇನ್ನೊಂದು ಅಪಾಯ ಮನಸ್ಸಿನದು. ಆಹಾರವನ್ನು ವಿಕೃತವಾಗಿ ನಿರಾಕರಿಸುವ ಅಥವಾ ಮಿತಿಮೀರಿ ತಿನ್ನುವ ಮನೋವ್ಯಾಧಿಗಳಿಂದ ಬಳಲುತ್ತಿದ್ದ ೧೦೫ ಮಂದಿಯನ್ನು ಅಮೆರಿಕದಲ್ಲಿ ವಿಚಾರಿಸಿದ ವರದಿ ೨೦೧೭ರಲ್ಲಿ ಬಂದಿತು. ಅವರಲ್ಲಿ ಮುಕ್ಕಾಲು ಪಾಲು ಜನ ಕ್ಯಾಲರಿ ಎಣಿಸುವ ಆ್ಯಪನ್ನು ಬಳಸಿದ್ದರು. ಬಳಸಿದವರಲ್ಲಿ ಸುಮಾರು ಮುಕ್ಕಾಲು ಪಾಲು, ರೋಗಕ್ಕೆ ಅದೂ ಒಂದು ಕಾರಣವಾಯಿತೆಂದರು. ಆ್ಯಪು ರೋಗವನ್ನು ಹುಟ್ಟಿಸಿತೆಂದು ಇದರಿಂದ ಸಿದ್ಧವಾಗದು. ಆದರೂ ಅಂಕಿಯ ಭಯದಿಂದ ಊಟ ಬಿಡುವ, ಗೆಳೆಯರೊಡನೆ ಉಣ್ಣಲು ಹಿಂಜರಿಯುವ ಲಕ್ಷಣ ಕಂಡೊಡನೆ ಲೆಕ್ಕವನ್ನು ನಿಲ್ಲಿಸಿ, ಮನೆಯವರಿಗೂ ವೈದ್ಯರಿಗೂ ತಿಳಿಸುವುದು ಅಗತ್ಯ.

ವಯಸ್ಕರಲ್ಲಿ ವೈದ್ಯರು ತೂಕ ಇಳಿಸಬೇಕೆಂದು ಹೇಳಿದವರು ಇದನ್ನು ಬಳಸಬಹುದು. ಅಂಥವರು ಒಮ್ಮೆ ತಮ್ಮ ಮನೆಯ ತಕ್ಕಡಿಯಲ್ಲಿ ಹತ್ತು ರೊಟ್ಟಿಗಳ ಹಿಟ್ಟನ್ನು ತೂಗಿ, ಹತ್ತರಿಂದ ಭಾಗಿಸಿ, ತಮ್ಮ ಮನೆಯ ರೊಟ್ಟಿಯ ಬೆಲೆಯನ್ನು ತಾವೇ ಕಂಡುಕೊಳ್ಳಲಿ. ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಮನೆಗೆ ಬರುತ್ತದೆಂದು ಕಿರಾಣಿ ಅಂಗಡಿಯ ಚೀಟಿಯಲ್ಲಿ ನೋಡಿ, ಮನೆಮಂದಿಯ ಸಂಖ್ಯೆಯಿಂದ ಭಾಗಿಸಲಿ. ಒಂದೊಂದು ದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿಯನ್ನು ಗಮನಿಸಲಿ. ತೂಕವನ್ನೂ ವಾರಕ್ಕೊಮ್ಮೆ ನೋಡಿದರೆ ಸಾಕು. ಎಲ್ಲಿ ಹೆಚ್ಚಾಗುತ್ತಿದೆ ಎಂಬುದು ಎರಡು ಮೂರು ವಾರಗಳಲ್ಲಿ ತಿಳಿದುಬರುತ್ತದೆ. ಅದನ್ನು ತಿದ್ದಿಕೊಂಡು ನಡೆಯುವುದು ಬಹುಕಾಲದ ಕೆಲಸ. ಅದಕ್ಕೆ ಫೋನಿನ ನೆರವಿಗಿಂತ ಅಡುಗೆಮನೆಯವರ ನೆರವೇ ಹೆಚ್ಚು ಬೇಕಾಗುತ್ತದೆ.