ಪ್ಲೇಸ್ಟೇಷನ್ ಆಟಗಳು: ಫೋನಿಗೆ ಯಾವ ಫೈಲು ಲೇಸು?

ಜಪಾನಿನ ಸೋನಿ ಸಂಸ್ಥೆಯು 1994ರಲ್ಲಿ ಹೊರತಂದ ಪ್ಲೇಸ್ಟೇಷನ್ ಯಂತ್ರದ ಆಟಗಳು ಸಿ.ಡಿ.ಗಳಲ್ಲಿ ಬರುತ್ತಿದ್ದವು. ಆ ಯಂತ್ರವನ್ನು ಅನುಕರಿಸುವ ‘ಎಮ್ಯುಲೇಟರ್’ ತಂತ್ರಾಂಶದ ನೆರವಿನಿಂದ ಅವನ್ನೀಗ ಫೋನಿನಲ್ಲಿಯೇ ಆಡಬಹುದಾಗಿದೆ. ಮನೆಯಲ್ಲಿ ಉಳಿದಿರುವ ಸಿ.ಡಿ.ಗಳು ಗೀರುಬಿದ್ದು ಹಾಳಾಗುವ ಮುನ್ನ ಪ್ರತಿ ತೆಗೆದಿಡಬೇಕೆನ್ನುವವರು ಯಾವ ರೂಪದ ಫೈಲನ್ನು ಆರಿಸಬೇಕು?

ಕಂಪ್ಯೂಟರಿನಲ್ಲಿ ಪ್ರತಿ ತೆಗೆದಾಗ ಸಾಮಾನ್ಯವಾಗಿ ದೊರೆಯುವುದು ‘ಬಿನ್’ ಮತ್ತು ‘ಕ್ಯೂ’ ಎಂಬ ಜೋಡಿ. ಬಿನ್‌ನಲ್ಲಿ ಸಿ.ಡಿ.ಯ ಸಕಲ ಸಾಮಗ್ರಿಯೂ ಇರುತ್ತದೆ. ಕ್ಯೂ ಎಂಬುದು ಆಟದ ಭಾಗವೆಲ್ಲಿ, ಸಂಗೀತವೆಲ್ಲಿ ಎಂದು ಸೂಚಿಸುವ ಪುಟ್ಟ ಬರಹ. ಪುಟ್ಟದೆಂದು ಅದನ್ನು ಅಳಿಸಿದರೆ ಕೆಲವು ಆಟಗಳಲ್ಲಿ ಸಂಗೀತವೇ ಕೇಳಿಸದು. ಇನ್ನು ಗಾತ್ರವೋ, ಒಂದೊಂದು ಸಿ.ಡಿ.ಯೂ 700 ಮೆಗಾಬೈಟಿನಷ್ಟಾಗಬಹುದು. ‘ಫೈನಲ್ ಫ್ಯಾಂಟಸಿ 7’ ಆಟಕ್ಕೆ ಅಂತಹ ಸಿ.ಡಿ.ಗಳು 3. ಮಕ್ಕಳ ಭಾವಚಿತ್ರಗಳಿಗೆ ಫೋನಿನಲ್ಲಿ ಎಡೆಯೆಲ್ಲಿ?

ಜಾಗ ಉಳಿಸಲೆಂದು ಸಂಗೀತವನ್ನೂ ಚಲನಚಿತ್ರದ ತುಣುಕುಗಳನ್ನೂ ಕತ್ತರಿಸಿ ತೆಗೆದ ಪ್ರತಿಗಳೂ ಉಂಟು. ಇದನ್ನು ನಾವು ಒಪ್ಪೆವು. ಪೆಟ್ಟಿಗೆಯಲ್ಲಿ ಹಿಡಿಸಲೆಂದು ಸೀರೆಯನ್ನು ಮಡಿಸುತ್ತೇವೆಯೇ ಹೊರತು ಸೆರಗನ್ನು ಕತ್ತರಿಸುವುದಿಲ್ಲ.

ಹಾಗೆ ಮಡಿಸಿಡುವ ರೂಪವೇ ‘ಸಿ.ಎಚ್.ಡಿ.’. ‘ಮೇಮ್’ ಎಂಬ ಎಮ್ಯುಲೇಟರಿನೊಂದಿಗೆ ಉಚಿತವಾಗಿ ದೊರೆಯುವ ‘ಸಿ.ಎಚ್.ಡಿ.ಮ್ಯಾನ್’ ಸಾಧನವು ಬಿನ್-ಕ್ಯೂ ಜೋಡಿಯನ್ನು ಏನೂ ನಷ್ಟವಾಗದಂತೆ ಒಂದೇ ಫೈಲಾಗಿ ಕುಗ್ಗಿಸುತ್ತದೆ. ಬೇಕೆಂದಾಗ ಮತ್ತೆ ಬಿಡಿಸಲೂಬಹುದು. ಎಷ್ಟು ಕುಗ್ಗುವುದೆಂಬುದು ಆಟದಿಂದಾಟಕ್ಕೆ ಬೇರೆ. ‘ಡಕ್‌ಸ್ಟೇಷನ್’ ಮುಂತಾದ ಎಮ್ಯುಲೇಟರುಗಳು ಇದನ್ನು ನೇರವಾಗಿ ಓದುತ್ತವೆ. ನಮ್ಮ ಮತ ಇದಕ್ಕೇ.

ಹೊಸ ಫೈಲಿನಲ್ಲಿ ಆಟ ಸರಿಯಾಗಿ ನಡೆಯುವುದನ್ನು ಕಂಡ ಬಳಿಕವೇ ಹಳೆಯ ಜೋಡಿಯನ್ನು ಅಳಿಸಿರಿ. ಹಲವು ಸಿ.ಡಿ.ಗಳ ಆಟವಾದರೆ, ಅವುಗಳ ಫೈಲುಗಳ ಹೆಸರನ್ನು ಸಾಲಾಗಿ ಬರೆದ ‘ಎಂ3ಯು’ ಫೈಲೊಂದನ್ನು ಜೊತೆಗಿಡುವುದು ಅನುಕೂಲ. ಆಟದ ನಡುವೆ ಸಿ.ಡಿ. ಬದಲಿಸುವಾಗ ಹುಡುಕಾಟವಿರದು.