ತಂಪಿನ ಕಸುಬು: ಮಂಡ್ಯ ಸೀಮೆಯಲ್ಲಿ ಮೊದಲ ಹೆಜ್ಜೆ

ಹವಾನಿಯಂತ್ರಣ ಎಂದೊಡನೆ ಗೋಡೆಗೆ ಹಾಕಿದ ಎಸಿಯೇ ನೆನಪಿಗೆ ಬರುವುದಾದರೂ, ಈ ವಿದ್ಯೆ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಸರಕಿನ ರಕ್ಷಣೆಗಾಗಿ. ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ತಪ್ಪುತ್ತಿದ್ದುದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಇದರ ಮೊದಲ ನಕ್ಷೆ ಬರೆದನು.

ಮಂಡ್ಯ ಜಿಲ್ಲೆಯಲ್ಲಿಯೂ ತಂಪಿನ ಮೊದಲ ಅಗತ್ಯವಿರುವುದು ಸರಕಿಗೇ. ಕರೆದ ಹಾಲು ಹಸುವಿನ ಮೈಬಿಸಿಯಷ್ಟೇ, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇದ್ದು, ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಕೆಡುತ್ತದೆ. ಆದ್ದರಿಂದಲೇ ಹಲವು ಊರುಗಳ ಡೇರಿಗಳಲ್ಲಿ ಬಿಎಂಸಿ ಎನ್ನುವ ಹಾಲು ತಣಿಸುವ ಸ್ಟೀಲ್ ತೊಟ್ಟಿಗಳಿವೆ, ಅಲ್ಲಿಂದ ಹಾಲು ಟ್ಯಾಂಕರಿನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಮನ್‌ಮುಲ್, ಅಂದರೆ ಮಂಡ್ಯ ಹಾಲು ಒಕ್ಕೂಟದ, ಡೇರಿಗೆ ಸಾಗುತ್ತದೆ. ಆರೋಗ್ಯ ಕೇಂದ್ರಗಳ ಲಸಿಕೆಯೂ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಎಸಿ ರಿಪೇರಿಗೆ ಬೇಸಿಗೆಯೇ ಸುಗ್ಗಿ, ಹಾಲಿಗೆ ಮಾತ್ರ ವರ್ಷದ ಎಲ್ಲ ದಿನವೂ ತಂಪು ಬೇಕು. ಹೀಗಾಗಿ ಇಲ್ಲಿ ಈ ಕಸುಬಿಗೆ ಇಳಿಯುವ ಯುವಕ ಯುವತಿಯರು ಎಸಿಯೊಂದನ್ನೇ ನಂಬದೆ ಹಾಲಿನ ತೊಟ್ಟಿ, ಔಷಧಿಯ ಫ್ರಿಜ್, ಹೋಟೆಲಿನ ಡೀಪ್ ಫ್ರೀಜರ್ ಇವನ್ನೂ ಕಲಿಯುವುದು ಲೇಸು.

ಈ ಎಲ್ಲ ಯಂತ್ರಗಳ ಒಳಗುಟ್ಟು ಒಂದೇ. ಶೀತಕ, ಅಂದರೆ ಕಸುಬಿನವರು ಗ್ಯಾಸ್ ಎಂದು ಕರೆಯುವ ದ್ರವ್ಯ, ಒಳಗಿನ ಕಾಯಿಲ್‌ನಲ್ಲಿ ಕುದಿದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಅದುಮಿ ಹೊರಗಿನ ಕಂಡೆನ್ಸರ್‌ಗೆ ನೂಕಿದಾಗ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಇದೇ ಸುತ್ತನ್ನು ತಿರುಗಿಸಿದರೆ ಕೋಣೆ ಬೆಚ್ಚಗಾಗುತ್ತದೆ, ಅದೇ ಹೀಟ್ ಪಂಪ್. ಒಂದು ಟನ್ ಎಂದರೆ ಯಂತ್ರದ ತೂಕವಲ್ಲ, ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ.

ಕಲಿಕೆಯ ರಾಜಮಾರ್ಗ ಐಟಿಐ. ಹತ್ತನೆಯ ತರಗತಿಯಲ್ಲಿ ವಿಜ್ಞಾನ, ಗಣಿತ ಓದಿದವರಿಗೆ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟೆಕ್ನೀಷಿಯನ್ ವೃತ್ತಿಯ ಎರಡು ವರ್ಷದ ತರಬೇತಿ ದೊರೆಯುತ್ತದೆ. ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆದು ಕೈ ಪಳಗಿಸಿಕೊಳ್ಳಬಹುದು. ಮೆಕ್ಯಾನಿಕ್ ಒಬ್ಬರ ಬಳಿ ಹೆಲ್ಪರ್ ಆಗಿ ಕಲಿತವರೂ ಬಹಳ ಮಂದಿ ಇದ್ದಾರೆ.

ಆದರೆ ಯಾವ ದಾರಿಯಲ್ಲಿ ಬಂದರೂ ಮೊದಲು ಕಲಿಯಬೇಕಾದದ್ದು ಗ್ಯಾಸ್ ತುಂಬುವುದನ್ನಲ್ಲ, ಲೀಕ್ ಹುಡುಕುವುದನ್ನು. ಮುಚ್ಚಿದ ಕೊಳವೆಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಹೀಗಿರುವಾಗ ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿ ಹಣ ಪಡೆಯುವುದು ಗಿರಾಕಿಗೆ ಬಗೆಯುವ ದ್ರೋಹ. ಬಲ್ಲವರು ಕೊಳವೆಗೆ ಒಣ ನೈಟ್ರೋಜನ್ ತುಂಬಿ, ತಾಮ್ರದ ಪೈಪಿನ ತುದಿಯನ್ನು ಅಗಲಿಸಿ ಕೂಡಿಸಿದ ಫ್ಲೇರ್ ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಪತ್ತೆಮಾಡುತ್ತಾರೆ. ನೈಟ್ರೋಜನ್ ಬದಲು ಆಮ್ಲಜನಕವನ್ನು ಎಂದಿಗೂ ತುಂಬಬಾರದು, ಏಕೆಂದರೆ ಒತ್ತಡದಲ್ಲಿ ಅದು ಕಂಪ್ರೆಸರಿನ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಎಳೆದು, ನಂತರವೇ ಗ್ಯಾಸನ್ನು ತೂಗಿ ತುಂಬಬೇಕು.

ಈ ಶಿಸ್ತು ಈಗ ಜೀವದ ಪ್ರಶ್ನೆಯೂ ಆಗಿದೆ. ಓಝೋನ್ ಪದರವನ್ನು ಕೆಡಿಸುವ ಆರ್-22 ಗ್ಯಾಸು 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಿಂದೆ ಸರಿಯುತ್ತಿದ್ದು, ಅದರ ಜಾಗಕ್ಕೆ ಬಂದಿರುವ ಆರ್-32 ಹೆಚ್ಚು ಒತ್ತಡದ್ದು, ಬೆಂಕಿ ಹಿಡಿಯುವ ಗುಣವುಳ್ಳದ್ದು. ಇನ್ನೊಂದು ಬದಲಿ ಗ್ಯಾಸಾದ ಆರ್-290 ಎಂದರೆ ಅಡುಗೆ ಅನಿಲದಲ್ಲಿಯೂ ಇರುವ ಪ್ರೊಪೇನ್. ಈ ಹೊಸ ಗ್ಯಾಸುಗಳ ಮುಂದೆ ಹಳೆಯ ಗೇಜು, ಹಳೆಯ ಅಂದಾಜು ನಡೆಯುವುದಿಲ್ಲ.

ಆದುದರಿಂದ ಮಕ್ಕಳನ್ನು ಈ ಕಸುಬಿಗೆ ಕಳುಹಿಸುವ ಹೆತ್ತವರು ಶುಲ್ಕ ಕಟ್ಟುವ ಮುನ್ನ ಸಂಸ್ಥೆಯ ವರ್ಕ್‌ಶಾಪಿಗೆ ಹೋಗಿ, ಅಲ್ಲಿ ನೈಟ್ರೋಜನ್ ಸಿಲಿಂಡರು, ವ್ಯಾಕ್ಯೂಮ್ ಪಂಪು, ಗ್ಯಾಸ್ ತೂಗುವ ತಕ್ಕಡಿ ಇವೆಯೇ, ಅವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.