ನಿಮಗಿದು ಗೊತ್ತೆ? ‘ಕಲ್ಯಾಣ’ದ ತೂಕ 18 ಬೈಟ್!

ಐರೋಳಿ, ಮಹಾಪೆಯ ಐಟಿ ಕಚೇರಿಗಳಿಗೆ ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿಯುವ ಕನ್ನಡಿಗ ಪ್ರೋಗ್ರಾಮರುಗಳು ಲಿನಕ್ಸ್ ಟರ್ಮಿನಲ್‌ನಲ್ಲಿ ಒಮ್ಮೆ ಇದನ್ನು ಮಾಡಿ ನೋಡಬಹುದು. 1971ರ ಯೂನಿಕ್ಸ್ ಮೊದಲ ಆವೃತ್ತಿಯಿಂದಲೂ ಇರುವ ‘ಡಬ್ಲ್ಯೂಸಿ’ ಕಮಾಂಡಿಗೆ ‘ಕಲ್ಯಾಣ’ ಎಂಬ ಹೆಸರು ಕೊಡಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಮಾಂಡಿಗೆ ಸಂಕೇತ ಎಣಿಸುವ ‘-ಎಂ’ ಸೇರಿಸಿದರೆ ಉತ್ತರ 6, ಬೈಟ್ ಎಣಿಸುವ ‘-ಸಿ’ ಸೇರಿಸಿದರೆ 18! ಒತ್ತು, ದೀರ್ಘಗಳೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳು; ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. (‘ಎಕೋ’ ಬದಲು ‘ಪ್ರಿಂಟ್‌ಎಫ್’ ಬಳಸಿ, ಇಲ್ಲದಿದ್ದರೆ ಸಾಲಿನ ಕೊನೆಯ ಗುರುತೂ ಲೆಕ್ಕಕ್ಕೆ ಸೇರುತ್ತದೆ.) ಹೆಸರಿಗೆ 20 ಬೈಟ್ ಮಾತ್ರ ಜಾಗ ಬಿಟ್ಟ ಡೇಟಾಬೇಸ್ ಕನ್ನಡದ ಹೆಸರನ್ನು ನಡುವೆಯೇ ಕತ್ತರಿಸುವುದು ಇದರಿಂದಲೇ.

ಸಂಘದ ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವವರು ಇನ್ನೊಂದನ್ನು ಗಮನಿಸಬೇಕು. ‘ಸಿ’ ಲೊಕೇಲ್‌ನಲ್ಲಿ ‘ಸಾರ್ಟ್’ ಕಮಾಂಡ್ ಬೈಟ್ ನೋಡಿ ಜೋಡಿಸುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲೋ ಅದು ಕಟ್ಟಕಡೆಗೆ. ಹೀಗಾಗಿ ನಿಘಂಟಿನಲ್ಲಿ ‘ಕವಿ’ಯ ನಂತರ ಬರುವ ‘ಕಳಸ’ ಇಲ್ಲಿ ಮುಂದೆ ನುಗ್ಗುತ್ತದೆ. ಯಂತ್ರದ್ದು ತಪ್ಪೆನ್ನುವಂತಿಲ್ಲ, ಅದು ಓದುವುದು ಅಂಕಿಯನ್ನು.

ಒಂದೇ ಹೆಸರು ಎರಡು ಬಾರಿ ಬಂದಿದ್ದರೆ ‘ಯುನಿಕ್’ ಕಮಾಂಡ್ ಇದೆ. ಆದರೆ ಅದು ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಮೊದಲು ‘ಸಾರ್ಟ್’, ಆಮೇಲೆ ‘ಯುನಿಕ್’. ಇವೆರಡನ್ನೂ ಬೆಸೆಯುವ ಲಂಬ ಗೆರೆ, ಅಂದರೆ ‘ಪೈಪ್’, ಯೂನಿಕ್ಸ್ ತಂಡದ ಡಗ್ಲಸ್ ಮ್ಯಾಕಿಲ್ರಾಯ್ ಒತ್ತಾಯದಿಂದ 1973ರಲ್ಲಿ ಯೂನಿಕ್ಸ್‌ಗೆ ಬಂತು. ಹಿಂದೆ ಬರೆದ ಉದ್ದನೆಯ ಕಮಾಂಡ್ ಮರೆತಿರಾ? ಬ್ಯಾಶ್‌ನಲ್ಲಿ ಕಂಟ್ರೋಲ್-ಆರ್ ಒತ್ತಿ, ನೆನಪಿರುವ ನಾಲ್ಕಕ್ಷರ ಟೈಪಿಸಿ.